ಮೊಣಕಾಲೊಳಗಿನ ಹೊಸ ಹುರಿ

ಮನೋಳಿ
೧೪ ಆಗಸ್ಟ್ ೨೦೦೩

ಪ್ರೀತಿಯ ಮೈದುನ ಶ್ರೀಶೈಲನಿಗೆ,

ಹೇಗಿದ್ದೀ? ಅಲ್ಲಿಯ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಹೇಳದೆ ಕೇಳದೆ ಹೋಗಿ ನಾಲ್ಕು ತಿಂಗಳಾಯಿತು. ನೀನು ಕೊಲ್ಲಾಪುರದ ಬೆಲ್ಲದ ಅಂಗಡಿಯಲ್ಲಿರುವೆಯೆಂದು ಮೊನ್ನೆ ಮುದಕಪ್ಪ ಮಾಮ ಬಂದು ಹೇಳಿದ ಮೇಲೆ ಅತ್ತೆಯ ಗಂಟಲಲ್ಲಿ ಅನ್ನ ಇಳಿಯಿತು.

ಗರಡಿಯಲ್ಲಿ ನೀನು ಪಟ್ಟು ಹಾಕಿದಾಗ ನಿಮ್ಮಣ್ಣ ಮೊಣಕಾಲು ಹಿಡಿದು ಬಿದ್ದರು. "ನನ್ನ ಕೈಯಾರೆ ಅಣ್ಣನ ಕಾಲ ಕೆಡಿಸಿದ್ನಿ" ಎಂದು ಅಳುತ್ತಾ ಹೋದೆ. ಮುಂದಿನದು ನಿನಗೆ ಗೊತ್ತಿಲ್ಲ. ಬಾವು ಇಳಿಯಿತು, ಕಾಲು ಮಾತ್ರ ನಿಲ್ಲಲಿಲ್ಲ. ನೆಟ್ಟಗೆ ನಡೆಯುತ್ತಿದ್ದರು, ಗಕ್ಕನೆ ಹೊರಳಿದರೆ ಕುಸಿಯುತ್ತಿದ್ದರು. ಬೆಳಗಾವಿಯ ಡಾಕ್ಟರು ಕಾಲು ಜಗ್ಗಿ ನೋಡಿ, "ಎಲುಬು ಗಟ್ಟಿ ಅದಾವ್ರಿ ಅಕ್ಕಾರ. ಮ್ಯಾಲಿನ ಎಲುಬು, ಕೆಳಗಿನ ಎಲುಬು ಹಿಡದಿಡೂ ಒಳಗಿನ ಹುರಿ ಹರದೈತಿ. ಅದು ತಾನಾಗೇ ಕೂಡೂದಿಲ್ಲ" ಎಂದರು. ಅದಕ್ಕೆ ಲಿಗಮೆಂಟ್ ಅನ್ನುತ್ತಾರೆ. ಕಿರುಬೆರಳಿನಷ್ಟಿರುವ ಅದರ ಮೇಲೆ ಇಷ್ಟು ದೊಡ್ಡ ಪೈಲ್ವಾನ ನಿಂತಿದ್ದನೇ ಎಂದು ಬೆರಗಾದೆ. ಆಪರೇಶನ್ ಮಾಡಿ, ನಿಮ್ಮಣ್ಣನದೇ ತೊಡೆಯ ಹಿಂದಿನಿಂದ ಎರಡು ಎಳೆ ತೆಗೆದು, ಮಡಚಿ ನಾಲ್ಕಾಗಿ ಮಾಡಿ, ಎಲುಬಿಗೆ ತೂತು ಕೊರೆದು, ಅದರೊಳಗೆ ಪೋಣಿಸಿ ಬಿಗಿದರು. ಎಂಥ ಕೈ ಆ ಡಾಕ್ಟರದು! ಮೈ ಆ ಎಳೆಯನ್ನು ತಿಂಗಳುಗಟ್ಟಲೆ ನಿಧಾನವಾಗಿ ತನ್ನದಾಗಿಸಿಕೊಳ್ಳುತ್ತದಂತೆ.

ನಿಮ್ಮಣ್ಣನ ತಾಳ್ಮೆಯನ್ನು ನೀನು ನೋಡಬೇಕಿತ್ತು. ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುವವರು, ಮೊದಲ ದಿನ ಹಿಮ್ಮಡಿಯನ್ನು ಗೇಣು ಎತ್ತಲಾರದೆ ಕಣ್ಣೀರು ಹಾಕಿದರು. ಆದರೂ ಡಾಕ್ಟರು ಹೇಳಿದ ಕಸರತ್ತನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ನಾನು ಅಯ್ಯೋ ಅಂದರೆ, "ಇದೂ ತಾಲೀಮಽ ಐತಿ, ರಾಚವ್ವಾ. ನೀ ಸುಮ್ನ ಕುಂಡ್ರು" ಎನ್ನುವರು. ನಿನ್ನೆ ಕೋಲಿಲ್ಲದೆ ಹೊಳೆಯ ದಂಡೆವರೆಗೆ ಹೋಗಿ ಬಂದರು. ಅವರ ಹಿಂದೆ ನಡೆಯುತ್ತಾ ನನಗೆಷ್ಟು ಹೆಮ್ಮೆಯಾಯಿತೆಂದು ಹೇಗೆ ಬರೆಯಲಿ!

ಅತ್ತೆಯ ಆಶೀರ್ವಾದಗಳು. ಮೈ ಜೋಪಾನ.

ನಿನ್ನ ಅತ್ತಿಗೆ,
ರಾಚವ್ವ

ತಾ.ಕ.: ಲಕೋಟೆ ಅಂಟಿಸುವಾಗ ನಿಮ್ಮಣ್ಣ ತಡೆದು ಇದನ್ನು ಬರೆಸಿದರು. ಆ ಹುರಿ ಹರಿದದ್ದು ಅಂದಲ್ಲ. ಆಪರೇಶನ್ ಹೊತ್ತಿಗೆ ಮೊಣಕಾಲೊಳಗೆ ದುರ್ಬೀನು ಹಾಕಿ ನೋಡಿದಾಗ ತುದಿಗಳು ಸವೆದೇ ಹೋಗಿದ್ದವು, ಎರಡು ವರ್ಷ ಹಳೆಯದೆಂದು ಡಾಕ್ಟರು ಹೇಳಿದರು. ಕಿತ್ತೂರಿನ ಕುಸ್ತಿಯಲ್ಲಿ ಹರಿದದ್ದನ್ನು ಇವರು ಯಾರಿಗೂ ಹೇಳಿರಲಿಲ್ಲ. "ತಪ್ಪು ನಂದು. ಕಾಲ ಜಾರತೈತಿ ಅಂದ್ರ ನೀ ನನ್ನ ಕೂಡ ಕುಸ್ತಿ ಹಿಡಿಯೂದ ಬಿಡ್ತಿ ಅಂತ ಮುಚ್ಚಿಟ್ನಿ. ಮನಿಗೆ ಬಾರೋ ತಮ್ಮಾ." ಹೇಳಿ ಮುಗಿಸಿ ಗೋಡೆಯ ಕಡೆ ಮುಖ ಮಾಡಿದರು. ಸೋಮವಾರ ತಾವೇ ಕೊಲ್ಲಾಪುರದ ಬಸ್ಸು ಹತ್ತುತ್ತಾರಂತೆ. ಡಾಕ್ಟರು ಬೇಡ ಅಂದಿದ್ದಾರೆ, ನನ್ನ ಮಾತು ಕೇಳುವುದಿಲ್ಲ. ಅಷ್ಟರೊಳಗೆ ನೀನೇ ಬಂದುಬಿಡು.