ನೀವು ಹಾಡದಿದ್ದರೆ ನಾಯಿಗಳಿಗೊಂದು ಸೂರು

ರೀ,

ಬಚ್ಚಲಿಗೆ ಹೋಗುವ ಮೊದಲು ಇದನ್ನು ಓದಬೇಕು ಅಂತಲೇ ನಿಮ್ಮ ಟವೆಲಿಗೆ ಪಿನ್ನು ಹಾಕಿ ಸಿಕ್ಕಿಸಿದ್ದೇನೆ.

ಬೀದಿನಾಯಿಗಳಿಗೆ ಆಶ್ರಯ ಕಟ್ಟಿಸೋಣ ಅಂತ ನಿನ್ನೆ ಚಂದಾ ಎತ್ತಲು ಹೋದರೆ ಒಬ್ಬರೂ ಕೈ ಬಿಚ್ಚಲಿಲ್ಲ. ಕೊನೆಗೆ ಎದುರುಮನೆ ಟೈಲರ್, "ನಿಮ್ಮ ಯಜಮಾನ್ರು ಒಂದು ವಾರ ಬಚ್ಚಲಲ್ಲಿ ಹಾಡದೆ ಇದ್ರೆ ಕೊಡ್ತೀನಿ ನೋಡಿ" ಅಂದ. ನಾನು ತಮಾಷೆಗೆ ಹೂಂ ಅಂದೆ. ಸಂಜೆಯೊಳಗೆ ಇಡೀ ಬೀದಿಯೇ ಅದೇ ಷರತ್ತಿಗೆ ಒಪ್ಪಿಬಿಟ್ಟಿತು. ನಿಮ್ಮ ಸ್ವಂತ ಅಕ್ಕ ಎರಡು ಪಾಲು ಕೊಡ್ತಾರಂತೆ!

ಇವತ್ತಿನಿಂದಲೇ ಶುರು. ಬಾಯಿ ತುಂಬ ನೀರು ತುಂಬಿಕೊಂಡು ಸ್ನಾನ ಮಾಡಿ. ಗುನುಗಿದರೂ ಲೆಕ್ಕಕ್ಕೆ ಬರುತ್ತದೆ, ಟೈಲರ್ ಕಿಟಕಿ ತೆರೆದು ಕೂತಿದ್ದಾನೆ. ಒಲೆಯ ಮೇಲೆ ಅನ್ನ ಇದೆ, ಜಗಲಿಯಲ್ಲಿರುವ ಕುಂಟನಾಯಿಗೂ ಹಾಕಿ. ಆಶ್ರಯ ಎದ್ದರೆ ಮೊದಲು ಹೋಗುವುದು ಅದೇ. ಅದರ ಮುಖ ನೋಡಿಯಾದರೂ ಬಾಯಿ ಮುಚ್ಚಿಕೊಂಡಿರಿ.

ಮುಖ ಊದಿಸಿಕೊಳ್ಳಬೇಡಿ. ನನಗೂ ಆ ಹಾಡು ಕೇಳದೆ ಚಹಾ ಇಳಿಯುವುದಿಲ್ಲ. ಸಂಜೆ ಬಂದು ಕಿಟಕಿಗಳನ್ನೆಲ್ಲ ಮುಚ್ಚುತ್ತೇನೆ, ನನಗೊಬ್ಬಳಿಗೇ ಮೆಲ್ಲಗೆ ಒಂದು ಹಾಡಿ. ಯಾರಾದರೂ ಬಂದು ಕೇಳಿದರೆ ಕುಂಟನಾಯಿ ಊಳಿಟ್ಟಿತು ಅನ್ನೋಣ. ಈ ಬೀದಿಯಲ್ಲಿ ಯಾರಿಗೂ ಅನುಮಾನ ಬರಲ್ಲ.