ಇಕಿ ನಮ್ಮಾಕಿ ಅಲ್ರೀ

ಲಿಂಗಸುಗೂರು
ಗುರುವಾರ, ಆಗಸ್ಟ್ 21

ಅವ್ವ ಗದ್ದೆಮ್ಮನಿಗೆ ನಾಗವೇಣಿಯ ನಮಸ್ಕಾರ.

ನಿನ್ನ ಮೇಲೆ ಸಿಟ್ಟಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕ್ಷೇಮ ಆಮೇಲೆ ಕೇಳುತ್ತೇನೆ.

ರವಿವಾರ ಡ್ಯಾಮಿನ ನೀರು ಬಿಟ್ಟಾಗ ಬೋಟಿನವರು ನಮ್ಮ ನಡುಗಡ್ಡೆಗೆ ಬಂದರು. ಕುರಿ ಬಿಟ್ಟು ಬರುವುದಿಲ್ಲ ಎಂದು ಹತ್ತು ಮನೆಯವರೂ ಹಟ ಹಿಡಿದಿರಿ. ನಾನೂ ಬಾಗಿಲ ಚೌಕಟ್ಟು ಹಿಡಿದು ನಿಂತೆ. ನೀನೇ ನನ್ನ ಕೈ ಬಿಡಿಸಿ, ಇಕಿ ನಮ್ಮಾಕಿ ಅಲ್ರೀ, ಸರಕಾರದ ಹುಡುಗಿ, ಏನಾರ ಆದ್ರ ನಿಮ್ಮ ಕೊರಳಿಗೆ ಬರ್ತೈತಿ ಎಂದು ಬೋಟಿಗೆ ದಬ್ಬಿದೆ. ನನ್ನ ಜೀವ ಉಳಿಯಲಿ ಅಂತ ಹಾಗೆ ಅಂದೆ, ನನಗೆ ಗೊತ್ತು. ಮಕ್ಕಳ ಕಚೇರಿಯ ಕಲ್ಯಾಣಮ್ಮ ಮೇಡಂಗೆ ಗೊತ್ತಿಲ್ಲ. ಅವರು ಬೋಟಿನವರಿಂದ ಆ ಮಾತು ಕೇಳಿ ಬರೆದುಕೊಂಡಿದ್ದಾರೆ. ಸಾಕುವ ಮನೆಯವರೇ ಬೇಡ ಅಂದ ಮೇಲೆ ಬರುವ ಸೋಮವಾರ ನನ್ನನ್ನು ಸಿಂಧನೂರಿನ ಬಾಲಮಂದಿರಕ್ಕೆ ವಾಪಸ್ ಕಳಿಸುತ್ತಾರಂತೆ.

ಅವ್ವ, ನನ್ನ ಕೈಲಿ ಆಗುವುದಿಲ್ಲ. ಇಲ್ಲಿ ಶಾಲೆಯ ಕೋಣೆಯಲ್ಲಿ ಇಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಅನ್ನ ಕೊಡುತ್ತಾರೆ, ಯಾರೂ ಬೈಯುವುದಿಲ್ಲ. ಬೈಯುವವರೇ ಇಲ್ಲದ ಕಡೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮೂರು ವರ್ಷದ ಕೆಳಗೆ ನಾನು ತೆಪ್ಪದಿಂದ ಇಳಿದ ದಿನ ಮುದುಕಪ್ಪ ಅಪ್ಪ, ನಮಗ ಇದ್ದದ್ದ ಸಾಲಂಗಿಲ್ಲ, ಇಕಿನ್ನ ಎಲ್ಲಿಂದ ತಂದಿ ಎಂದು ಗೊಣಗಿದ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನು ಅಂತ ನೀನು ಅವನ ಬಾಯಿ ಮುಚ್ಚಿಸಿ, ಅಂಗಳದಲ್ಲಿ ಸೋರೆಬೀಜ ಊರಿದೆ. ಕೂಸು ಹುಟ್ಟಿದ ಮನೆಯವರಷ್ಟೇ ಹಾಗೆ ಬೀಜ ಊರುತ್ತಾರೆಂದು ನನಗೆ ಆಗ ತಿಳಿದಿರಲಿಲ್ಲ. ಕಾಯಿ ಬಲಿತು ಒಣಗಿದ ಮೇಲೆ ಆ ಬುರುಡೆಗಳನ್ನು ನನ್ನ ಸೊಂಟಕ್ಕೆ ಕಟ್ಟಿ, ಹೊಳೆಗಿಳಿಸಿ ಈಜು ಕಲಿಸಿದೆ. ನೀರು ಕುಡಿದು ಅತ್ತರೆ ದಂಡೆಯ ಹೆಂಗಸರೆಲ್ಲ ನಕ್ಕರು. ಗದ್ದೆಮ್ಮನ ಮಗಳು ಎಮ್ಮಿ ಹಂಗ ಈಸ್ತಾಳ ಅಂದರು. ಗದ್ದೆಮ್ಮನ ಮಗಳು! ಹಾಗೆ ಅನ್ನಿಸಿಕೊಳ್ಳಲೆಂದೇ ಮತ್ತೆ ನೀರಿಗೆ ಬಿದ್ದೆ.

ಈಗ ನೀರು ಇಳಿಯುತ್ತಿದೆಯಂತೆ. ನಿಮಗೆ ಸರಕಾರದ ಅಕ್ಕಿ ಹಂಚಲು ಬರುವ, ಈ ಕಾಗದ ತರುವ ಬೋಟನ್ನೇ ಹತ್ತಿ ಬಾ. ಕುರಿಗಳನ್ನು ಅಪ್ಪ ನೋಡಿಕೊಳ್ಳಲಿ. ಮೇಡಂ ಮುಂದೆ ನಿಂತು, ಇಕಿ ನನ್ನ ಮಗಳು ಎಂದು ಒಂದು ಸಲ ಹೇಳು. ಹೆಬ್ಬೆಟ್ಟು ಕೇಳಿದರೆ ಒತ್ತು. ನೀನು ಬರದಿದ್ದರೆ ನನಗೆ ಹೋಗಲು ಮನೆ ಅನ್ನುವುದೇ ಇಲ್ಲ. ಕಾಲಿಗೆ ಬೀಳುತ್ತೇನೆ ಅವ್ವ, ಬಾ.

ದಾರಿ ಕಾಯುತ್ತಿರುವ,
ನಾಗವೇಣಿ

ತಾ.ಕ.: ಬರೆಯಲು ಮರೆತಿದ್ದೆ ಅಂದರೆ ಅದೂ ಸುಳ್ಳಾಗುತ್ತದೆ. ಮೇಡಂ ಹತ್ತಿರ ಇನ್ನೊಂದು ಹಳೆಯ ಕಾಗದವಿದೆ. ನಿನ್ನ ಮಾತಿಗಿಂತ ಅದನ್ನೇ ಅವರು ಹೆಚ್ಚು ನಂಬಿದ್ದಾರೆ. ನಾನು ಬಂದ ಮೊದಲ ತಿಂಗಳಲ್ಲಿ, ಗದ್ದೆಮ್ಮ ಕಟ್ಟಿಗೆಯಿಂದ ಹೊಡೆಯುತ್ತಾಳೆ ಎಂದು ಕಚೇರಿಗೆ ಬರೆದವರು ಯಾರೆಂದು ನೀನು ಇಂದಿಗೂ ಹುಡುಕುತ್ತಿದ್ದೀಯ. ಪಕ್ಕದ ಮನೆಯ ರೇಣುಕಮ್ಮನೇ ಇರಬೇಕೆಂದು ಅವಳ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದೀಯ. ಬರೆದವಳು ನಾನು. ಬಂಡೆಯ ಮೇಲೆ ಜಾರಿಬಿದ್ದ ಗಾಯ ತೋರಿಸಿ, ನನ್ನನ್ನು ಇಲ್ಲಿಂದ ಒಯ್ಯಿರಿ ಎಂದು ಬರೆದುಕೊಟ್ಟಿದ್ದೆ.

ರಹಿಮಾನ್ ಕಾಕಾ, ಅವ್ವನಿಗೆ ನೀನೇ ಓದಿ ಹೇಳುವವನು, ಹತ್ತು ಮನೆಯವರೂ ಕೂತು ಕೇಳುತ್ತಾರೆ. ಹುಡುಗಿಯ ಮರ್ಯಾದೆ ಹೋಗುತ್ತದೆ ಅಂತ ಈ ತಾ.ಕ. ಓದದೆ ಬಿಡಬೇಡ. ರೇಣುಕಮ್ಮನಿಗೆ ಕೇಳುವಷ್ಟು ಜೋರಾಗಿ ಓದು. ಆಮೇಲೂ ಅವ್ವ ಬೋಟು ಹತ್ತಿದರೆ ಬರಲಿ.