ಹೊಸ ಗಾಡಿಯಲ್ಲಿ ಮೊದಲು ಕೂರುವವರು

ಗೋವಿನಕೋವಿ,
೩-೧೧-೧೯೮೮, ಗುರುವಾರ

ಪ್ರೀತಿಯ ತಮ್ಮ ಮೌನೇಶನಿಗೆ, ನಿನ್ನ ಅಣ್ಣನ ಆಶೀರ್ವಾದ.

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಆ ಬಹರೇನಿನಲ್ಲಿ ಎತ್ತರದ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವವನು ನೀನು, ಕಾಲು ಸರಿಯಿಲ್ಲದೆ ಮೇಲೆ ಹತ್ತಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾನು, ನಿನ್ನ ಅತ್ತಿಗೆ ಚೌಡಕ್ಕ ಇದ್ದೇವೆ. ಅವ್ವನ ವಿಷಯ ಆಮೇಲೆ ಬರೆಯುತ್ತೇನೆ.

ನಿನ್ನ ಕಾಗದ ಹೋದ ವಾರ ಬಂತು. ಅವ್ವನ ಉಬ್ಬಸ ಜಾಸ್ತಿಯಾಗಿದೆ ಎಂದು ನಾನು ಬರೆದದ್ದೇ ತಡ, ರಜೆ ಕೇಳಿ ಈ ತಿಂಗಳ ಇಪ್ಪತ್ತನಾಲ್ಕನೇ ತಾರೀಖಿಗೆ ಟಿಕೆಟ್ ಮಾಡಿಸಿದ್ದೀಯ. ಹಳೆಯ ವಿಮಾನದಲ್ಲಿ ಜಾಗ ಸಿಗುವುದು ಡಿಸೆಂಬರ್ ಕೊನೆಗಂತೆ. ಹೊಸ ನಮೂನೆಯ ವಿಮಾನಕ್ಕೆ ಹೆದರಿ ಜನ ಟಿಕೆಟ್ ವಾಪಸ್ ಕೊಟ್ಟರು, ಅದಕ್ಕೇ ನನಗೆ ಸಿಕ್ಕಿತು ಎಂದು ಏನೋ ಗೆದ್ದವನ ಹಾಗೆ ಬರೆದಿದ್ದೀಯ. ಬೇರೆಯವರು ಹೆದರಿ ಬಿಟ್ಟದ್ದನ್ನು ಓಡಿಹೋಗಿ ಹಿಡಿಯುವ ಬುದ್ಧಿ ನಿನಗೆ ಚಿಕ್ಕಂದಿನಿಂದಲೂ ಇದೆ.

ಮೇಷ್ಟ್ರು ತಿಪ್ಪೇರುದ್ರಸ್ವಾಮಿಗಳ ಜಗಲಿಯಲ್ಲಿ ಪೇಪರ್ ಓದಿದೆ. ಈ ಹೊಸ ವಿಮಾನದಲ್ಲಿ ಪೈಲಟ್ ಹಿಡಿಯುವ ಕೋಲಿಗೂ ರೆಕ್ಕೆಗೂ ನಡುವೆ ತಂತಿಹಗ್ಗವೇ ಇಲ್ಲವಂತೆ. ನಡುವೆ ಕಂಪ್ಯೂಟರ್ ಇದೆ, ಅದು ಆಗಲಿ ಅಂದರೆ ಮಾತ್ರ ರೆಕ್ಕೆ ಅಲ್ಲಾಡುತ್ತದಂತೆ. ಮೊದಲು ಮುಂದೆ ಮೂರು ಜನ ಕೂರುತ್ತಿದ್ದರಂತೆ, ಈಗ ಇಬ್ಬರೇ. “ಸಾವಿರ ಸಲ ಪರೀಕ್ಷೆ ಮಾಡಿರ್ತಾರೆ ಕಣಯ್ಯಾ, ನಿನ್ನ ಗಾಡಿಗಿಂತ ಅದೇ ಗಟ್ಟಿ ಐತೆ” ಎಂದು ಮೇಷ್ಟ್ರು ನಕ್ಕರು. ಇರಬಹುದು. ಆದರೆ ಅದನ್ನು ಮಾಡಿದವನ ಮನೆಯವರು ಅದರಲ್ಲಿ ಕೂತಿದ್ದಾರಾ? ಪೇಪರಿನಲ್ಲಿ ಅದೊಂದನ್ನು ಬರೆದಿರಲಿಲ್ಲ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಅಪ್ಪ ಮಾಡಿದ ಗಾಡಿಯಿರಲಿ, ನಾನು ಮಾಡಿದ್ದಿರಲಿ, ಮೊದಲು ಅವ್ವ ಕೂತು ಹಳ್ಳ ದಾಟಿ ಬರದೆ ಯಾವುದನ್ನೂ ನಾವು ಕೊಟ್ಟಿಲ್ಲ. “ನನ್ನ ಹೊತ್ತ ಗಾಡಿ ಯಾರನ್ನೂ ಬೀಳ್ಸಲ್ಲ, ಹೊಡ್ಕಂಡು ಹೋಗ್ರಿ” ಎಂದು ಇಳಿದು ಸೆರಗು ಕೊಡವುತ್ತಿದ್ದಳು. ಈ ಸಲ ಸವಳಂಗದ ಮುರುಗೇಶಪ್ಪನವರು ರಬ್ಬರ್ ಗಾಲಿಯ ಗಾಡಿಯೇ ಬೇಕೆಂದರು. ಅಂಥದ್ದನ್ನು ನಾನು ಮಾಡಿದ್ದು ಮೊದಲ ಸಲ. ಅವ್ವ ಒಂದು ತಿಂಗಳು ಅದರ ಹತ್ತಿರವೂ ಸುಳಿಯಲಿಲ್ಲ. “ಕಟ್ಟಿಗೆ ಗಾಲಿಗಾದ್ರೆ ನಾನು ಜವಾಬ್ದಾರಿ. ಗಾಳಿ ತುಂಬಿದ್ದನ್ನ ಹೆಂಗೆ ನಂಬಾಕೆ ಆಗ್ತೈತೋ?” ಎನ್ನುತ್ತಿದ್ದಳು. ಮುರುಗೇಶಪ್ಪನವರು ಎರಡು ಸಲ ಬಂದು ಬರಿಗೈಲಿ ವಾಪಸ್ ಹೋದರು. ಅವ್ವ ಕೂರದೆ ನಾನಾದರೂ ಹೇಗೆ ಕೊಡಲಿ?

ಅದಕ್ಕೇ ಹೇಳುತ್ತೇನೆ, ಆ ಟಿಕೆಟ್ ವಾಪಸ್ ಕೊಡು. ನನಗೆ ಭಯ, ಮೌನೇಶ. ಬೇರೆ ಏನೂ ಅನ್ನಿಸುತ್ತಿಲ್ಲ, ಈ ಭಯ ಒಂದೇ ಗೊತ್ತಾಗುತ್ತಿದೆ. ಬೆಳಿಗ್ಗೆಯಿಂದ ಒಂದೇ ಹಲಗೆಗೆ ಕೀಸುಳಿ ಹೊಡೆಯುತ್ತಾ ಕೂತಿದ್ದೆ. ಚೌಡಕ್ಕ ಬಂದು ಕೈಯಿಂದ ಕಿತ್ತುಕೊಂಡಾಗ ನೋಡಿದೆ, ಹಲಗೆ ರಟ್ಟಿನಷ್ಟು ತೆಳ್ಳಗಾಗಿತ್ತು. ಯಾವುದಕ್ಕೆಂದು ತೆಗೆದುಕೊಂಡಿದ್ದೆನೋ ನೆನಪಿಲ್ಲ.

ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ನಿನ್ನ ಅತ್ತಿಗೆ ಬರೆಯಲು ಹೇಳಿದ್ದಾಳೆ. ತಾಯಿ ಕಾಳಿಕಾಂಬೆ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಈರಾಚಾರಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಇನ್ನು ಬರೆಯಲೇಬೇಕು. ಸೋಮವಾರ ಬೆಳಿಗ್ಗೆ ಅವ್ವನಿಗೆ ಉಸಿರು ಸಿಗಲಿಲ್ಲ. ಬಸ್ಸು ಹೋಗಿಬಿಟ್ಟಿತ್ತು. ಅಂಗಳದಲ್ಲಿದ್ದದ್ದು ಆ ರಬ್ಬರ್ ಗಾಲಿಯ ಗಾಡಿ ಒಂದೇ. ಅದಕ್ಕೇ ಎತ್ತು ಹೂಡಿ ನ್ಯಾಮತಿ ಆಸ್ಪತ್ರೆಗೆ ಹೊರಟೆವು. “ಕುಲುಕೋದೇ ಇಲ್ವಲ್ಲೋ ಇದು” ಎಂದಳು. ಹಳ್ಳ ದಾಟುವಷ್ಟರಲ್ಲಿ ಹೋಗಿಬಿಟ್ಟಳು. ಗಾಡಿಗೆ ಏನೂ ಆಗಲಿಲ್ಲ. ಮುರುಗೇಶಪ್ಪನವರು ಬಂದು, “ಅಮ್ಮ ಕೂತಾರಲ್ಲ, ಸಾಕು ಬಿಡು” ಎಂದು ಅದನ್ನೇ ಹೊಡೆದುಕೊಂಡು ಹೋದರು. ನಿನಗೆ ತಂತಿ ಕೊಡು ಎಂದು ಎಲ್ಲರೂ ಹೇಳಿದರು. ಕೊಡಲಿಲ್ಲ. ತಂತಿ ಕಂಡರೆ ನೀನು ಸಿಕ್ಕಿದ ವಿಮಾನ ಹತ್ತಿಬಿಡುತ್ತೀಯ. ಡಿಸೆಂಬರಿಗೇ ಬಾ, ಹಳೆಯದರಲ್ಲೇ ಬಾ. ಇನ್ನು ಅವಸರವಿಲ್ಲ.